ಹತ್ತು ಕಳೆದ ಅಳತೆ

ನಮ್ಮ ಅಂಗಡಿಗೆ ಬಂದ ಯಾವ ಹೆಂಗಸಿನ ಸೊಂಟವೂ ಇಂದಿನವರೆಗೆ ನಲವತ್ತು ಇಂಚು ಮುಟ್ಟಿಲ್ಲ. ಕಿವಿಗೆ ಬಿದ್ದ ಮಟ್ಟಿಗೆ ಇದು ಸತ್ಯ. ಅಮ್ಮ ಟೇಪು ಹಿಡಿದು ಅಳತೆ ಕೂಗುತ್ತಾಳೆ, ಅಪ್ಪ ಇಸ್ತ್ರಿ ಮೇಜಿನ ಹತ್ತಿರ ನಿಂತು ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾನೆ. ಟೇಪು ನಲವತ್ತಾರು ತೋರಿಸಿದರೆ ಅಮ್ಮನ ಬಾಯಲ್ಲಿ "ಮೂವತ್ತಾರು" ಬರುತ್ತದೆ. ಅಪ್ಪ ಕಣ್ಣೆತ್ತಿ ಗಿರಾಕಿಯನ್ನು ಒಂದು ಸಲ ನೋಡಿ ನಲವತ್ತಾರು ಎಂದು ಬರೆಯುತ್ತಾನೆ. ಬೆಂಚಿನ ಮೇಲೆ ಕಾಯುತ್ತಾ ಕೂತ ಐದಾರು ಜನರ ಎದುರು ಯಾರ ಮರ್ಯಾದೆಯೂ ಹೋಗುವುದಿಲ್ಲ, ಹೊಲಿದ ಬಟ್ಟೆಯೂ ಬಿಗಿಯಾಗುವುದಿಲ್ಲ. ನಲವತ್ತು ಮುಟ್ಟಿದ ಅಳತೆಗೆಲ್ಲ ಹತ್ತು ಕಳೆದು ಕೂಗುವ ಈ ಪದ್ಧತಿ ಅಂಗಡಿ ತೆರೆದ ವರ್ಷವೇ ಶುರುವಾಯಿತಂತೆ. ಯಾರೋ ಒಬ್ಬ ಹುಡುಗಿ ತನ್ನ ಅಳತೆ ಕೇಳಿಸಿಕೊಂಡು, ಒಂದು ತೋಳಿನ ಅಳತೆ ಬಾಕಿ ಇರುವಾಗಲೇ ಎದ್ದು ಹೋಗಿ, ಆ ಬೀದಿಯಲ್ಲೇ ಮತ್ತೆ ಕಾಣಿಸಲಿಲ್ಲವಂತೆ.

ಮೂವತ್ತು ವರ್ಷದಲ್ಲಿ ಒಂದು ಸಲವೂ ಎಡವಟ್ಟಾಗಿರಲಿಲ್ಲ. ಮೂವತ್ತಾರಕ್ಕೂ ನಲವತ್ತಾರಕ್ಕೂ ವ್ಯತ್ಯಾಸ ಕಾಣದವನು ಇಸ್ತ್ರಿ ಪೆಟ್ಟಿಗೆ ಮುಟ್ಟಬಾರದು ಎನ್ನುವುದು ಅಪ್ಪನ ಅಭಿಪ್ರಾಯ. ಬಾಗಿಲಲ್ಲಿ ನಿಂತವರ ಸೊಂಟವನ್ನು ಅವನು ಟೇಪಿಲ್ಲದೆ ಅರ್ಧ ಇಂಚು ಆಚೀಚೆಗೆ ಹೇಳಬಲ್ಲ.

ಇದರ ಒಂದು ಪರಿಣಾಮವೆಂದರೆ, ನಮ್ಮ ಬೀದಿಯ ಹೆಂಗಸರು ರೆಡಿಮೇಡ್ ಅಂಗಡಿಗೆ ಹೋಗಿ ಮೂವತ್ತಾರರ ಸ್ಕರ್ಟು ಕೇಳುತ್ತಾರೆ. ಅದು ಮಂಡಿಯಿಂದ ಮೇಲೆ ಏರುವುದಿಲ್ಲ. "ಈಗಿನ ಕಂಪನಿಯವರು ಬಟ್ಟೆ ಉಳಿಸೋಕೆ ಅಳತೇಲೇ ಮೋಸ ಮಾಡ್ತಾರೆ" ಎಂದು ಬೈದುಕೊಂಡು ವಾಪಸು ನಮ್ಮಲ್ಲಿಗೇ ಬರುತ್ತಾರೆ. "ಏನು ಕಾಲ ಬಂತೋ" ಎಂದು ಅಮ್ಮ ತಲೆಯಾಡಿಸುತ್ತಾಳೆ. ಆಗ ಅವಳ ಮುಖ ನೋಡಬೇಕು.

ಅಮ್ಮನೂ ದಪ್ಪ. ಗುಂಡು ಗುಂಡಗೆ, ಮೈಕೈ ತುಂಬಿಕೊಂಡು ಎಂದೆಲ್ಲ ಜನ ಉಪಚಾರಕ್ಕೆ ಹೇಳುವ ಹಂತವನ್ನು ದಾಟಿ ಹತ್ತು ವರ್ಷವಾಗಿತ್ತು. ಅವಳ ಮೈ ಬೆಳೆದ ಹಾಗೆ ಅಂಗಡಿ ತಾನೇ ಜಾಗ ಬಿಟ್ಟುಕೊಡುತ್ತಾ ಬಂದಿತ್ತು. ಕತ್ತರಿಸುವ ಮೇಜಿನ ಆಚೆಯ ಅಂಚಿಗೆ ಕೈ ಎಟುಕದಾದಾಗ ಅಮ್ಮ ಬಟ್ಟೆಯನ್ನು ಈ ಕಡೆಯಿಂದ ಅರ್ಧ, ಸುತ್ತು ಹಾಕಿ ಹೋಗಿ ಆ ಕಡೆಯಿಂದ ಅರ್ಧ ಕತ್ತರಿಸತೊಡಗಿದಳು. ಬಗ್ಗಿ ಉಡುಪಿನ ಕೆಳಗಿನ ಅಂಚು ಗುರುತು ಮಾಡಲಾಗದಾಗ ಬಡಗಿಯಿಂದ ಎರಡಡಿ ಎತ್ತರದ ಕಟ್ಟೆಯೊಂದನ್ನು ಮಾಡಿಸಿದಳು. ಗಿರಾಕಿಗಳು ಅದರ ಮೇಲೆ ಹತ್ತಿ ನಿಲ್ಲಬೇಕು, ಅಮ್ಮ ಸ್ಟೂಲಿನ ಮೇಲೆ ಕೂತು ಗುಂಡುಸೂಜಿ ಚುಚ್ಚಬೇಕು. ಗಿರಾಕಿಗಳಿಗೂ ಅದು ಇಷ್ಟವೇ ಆಯಿತು. ಪ್ರತಿಮೆಯ ಹಾಗೆ ನಿಲ್ಲುವ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ. ಅಂಗಡಿಯ ಮೇಲೆಯೇ ನಮ್ಮ ಮನೆ, ನಡುವೆ ಹದಿನಾಲ್ಕು ಮೆಟ್ಟಿಲು. ಮೊದಲು ಅಮ್ಮ ಒಂದೇ ಉಸಿರಿಗೆ ಹತ್ತುತ್ತಿದ್ದಳು, ಆಮೇಲೆ ಏಳನೆಯದರಲ್ಲಿ ನಿಲ್ಲುತ್ತಿದ್ದಳು, ಈಗ ನಾಲ್ಕರಲ್ಲೊಮ್ಮೆ ಒಂಬತ್ತರಲ್ಲೊಮ್ಮೆ. ನಿಂತಾಗ ಸುಮ್ಮನೆ ನಿಂತಳು ಎಂದು ಯಾರೂ ಅಂದುಕೊಳ್ಳಬಾರದೆಂದು ಗೋಡೆಯ ಸುಣ್ಣವನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಆ ಎರಡು ಜಾಗಗಳಲ್ಲಿ ನಮ್ಮ ಗೋಡೆಗೆ ಸುಣ್ಣವೇ ಇಲ್ಲ.

ಒಂದು ಭಾನುವಾರ ಊಟದ ನಡುವೆ ಅಮ್ಮ ವಿಷಯ ತೆಗೆದಳು. ಮೇಜಿನ ಸುತ್ತ ನಾವು ಮೂವರು, ಜೊತೆಗೆ ಅಪ್ಪನ ಅಕ್ಕ. ಅತ್ತೆ ಭಾನುವಾರ ಬರುವುದು ಹವಾಮಾನದ ಹಾಗೆ, ಕರೆಯುವುದೂ ಬೇಡ, ತಡೆಯುವುದೂ ಆಗದು. ನಾನು ಚಿಕ್ಕವಳಿದ್ದಾಗ ಅವಳಿಗೆ ಕಡ್ಡಿ ಅತ್ತೆ ಎಂದು ಹೆಸರಿಟ್ಟಿದ್ದೆ. ಅದನ್ನು ಅವಳು ಬಿರುದೆಂದು ತಿಳಿದು ಇಂದಿಗೂ ಧರಿಸಿದ್ದಾಳೆ.

"ನಾನು ಆಪರೇಷನ್ ಮಾಡಿಸ್ಕೋತಿದೀನಿ" ಎಂದಳು ಅಮ್ಮ. "ಹೊಟ್ಟೆ ಚಿಕ್ಕದು ಮಾಡೋದು. ದೊಡ್ಡಾಸ್ಪತ್ರೆ ಡಾಕ್ಟರನ್ನ ನೋಡಿ ಆಯ್ತು. ಆಗಬಹುದು ಅಂದಿದಾರೆ."

ಅಪ್ಪ ಅಗಿಯುವುದನ್ನು ನಿಲ್ಲಿಸಿದ. ಅತ್ತೆ ಚಮಚ ಕೆಳಗಿಟ್ಟಳು.

"ಕೊಯ್ಸ್ಕೊಳ್ಳೋ ಅಂಥದ್ದು ಏನಾಗಿದೆ ನಿಂಗೆ? ಬಾಯಿ ಕಟ್ಟಿದ್ರೆ ಆಯ್ತಪ್ಪ. ನನ್ನ ನೋಡು."

"ಕಟ್ಟಿದೀನಿ ಅಕ್ಕಾ. ನಾಲ್ಕು ಸಲ ಕಟ್ಟಿದೀನಿ. ಮೊದಲನೇ ಸಲ ಹದಿನೆಂಟು ಕೇಜಿ ಇಳೀತು. ಎರಡನೇ ಸಲ ಇಪ್ಪತ್ತೆರಡು. ಆಮೇಲೆ ಹದಿನೈದು, ಆಮೇಲೆ ಹನ್ನೊಂದು. ಒಟ್ಟು ಅರವತ್ತಾರು ಕೇಜಿ ಇಳಿಸಿದೀನಿ ನಾನು. ಅಂದ್ರೆ ನಿಮ್ಮನ್ನ ಇಡಿಯಾಗಿ ಇಳಿಸಿ, ಮೇಲೆ ಒಂದು ಕುರ್ಚಿ, ಒಂದು ಹೊಲಿಗೆ ಮಿಷನ್ನು."

"ಮತ್ತೆ ಅದೆಲ್ಲಾ ಎಲ್ಲಿ ಹೋಯ್ತು?"

"ಹೋಗಿತ್ತು. ನೆಂಟರನ್ನೂ ಕರ್ಕೊಂಡು ವಾಪಸ್ ಬಂತು."

ನಾನು ನಕ್ಕೆ. ಅತ್ತೆ ನನ್ನ ಕಡೆ ನೋಡಿದಳು, ನಾನು ನೀರು ಕುಡಿದೆ. ಆ ನಾಲ್ಕು ಸಲಗಳನ್ನು ನಾನು ಕಣ್ಣಾರೆ ಕಂಡವಳು. ಸೌತೆಕಾಯಿಯ ವರ್ಷ, ಪುಡಿಯ ವರ್ಷ, ಬೆಳಗಿನ ನಡಿಗೆಯ ವರ್ಷ. ರಾತ್ರಿ ಊಟ ಬಿಟ್ಟ ವರ್ಷವಂತೂ ಮನೆಯಲ್ಲಿ ಯಾರೂ ಯಾರೊಂದಿಗೂ ಸರಿಯಾಗಿ ಮಾತಾಡಲಿಲ್ಲ. ಅಮ್ಮ ಹಟಕ್ಕೆ ಬಿದ್ದರೆ ಬಿಡುವವಳಲ್ಲ. ಅವಳ ಮೈಯೂ ಅವಳಂತೆಯೇ, ಅಷ್ಟೇ.

"ಇದು ಸುಲಭದ ದಾರಿ ಕಣೇ" ಎಂದಳು ಅತ್ತೆ. "ಕಷ್ಟಪಟ್ಟು ಇಳಿಸೋದಕ್ಕೂ ಕೊಯ್ದು ತೆಗೆಸೋದಕ್ಕೂ ವ್ಯತ್ಯಾಸ ಇಲ್ವಾ? ಜನ ಏನಂತಾರೆ?"

"ನೀವು ನಿಮ್ಮ ಮನೆಗೆ ಲಿಫ್ಟಲ್ಲಿ ಹೋಗ್ತೀರಲ್ಲ, ಸುಲಭದ ದಾರೀಲಿ ಬಂದ್ರಿ ಅಂತ ಯಾರಾದ್ರೂ ಬಾಗಿಲಲ್ಲಿ ತಡೆದ್ರಾ? ಹೊಟ್ಟೇಲಿ ಮುಕ್ಕಾಲು ಭಾಗ ತೆಗೆದು ಬಿಸಾಕ್ತಾರೆ. ಒಂದು ತಿಂಗಳು ನೀರಿನಂಥ ಊಟ. ಜೀವನಪರ್ಯಂತ ಮಾತ್ರೆ. ಸುಲಭ ಅಂದ್ರೆ ಇದಾ? ಸುಲಭವೇ ಆಗಿದ್ರೂ ನಂಗೇನೂ ಬೇಜಾರಿಲ್ಲ. ಕಷ್ಟದ್ದು ನಾಲ್ಕು ಸಲ ಆಯ್ತು."

ಅಪ್ಪ ಇಷ್ಟು ಹೊತ್ತಿಗೆ ಒಂದು ವಾಕ್ಯ ಜೋಡಿಸಿಕೊಂಡಿದ್ದ. "ನಂಗೆ ನೀನು ಹೀಗೇ ಚೆನ್ನಾಗಿದ್ದೀಯ."

"ಚೆನ್ನಾಗಿಲ್ಲ ಅಂತ ನಾನೆಲ್ಲಿ ಅಂದೆ" ಎಂದಳು ಅಮ್ಮ. "ಚೆನ್ನಾಗಿ ಕಾಣೋಕೆ ಹೋಗ್ತಿಲ್ಲ ರೀ. ಮಂಡಿ ಊರಿ ಕೂತು ಒಂದು ಅಂಚು ಗುರುತು ಮಾಡೋಕೆ ಹೋಗ್ತಿದೀನಿ. ಇನ್ನೂ ಇಪ್ಪತ್ತು ವರ್ಷ ಕತ್ತರಿ ಹಿಡೀಬೇಕು ನಾನು. ನಂಗೆ ನಾಚಿಕೇನೂ ಇಲ್ಲ, ಭಯಾನೂ ಇಲ್ಲ. ಊಟ ಮಾಡಿ."

ಅಪ್ಪ ಊಟ ಮಾಡಿದ. ನಮ್ಮ ಮನೆಯಲ್ಲಿ ಒಪ್ಪಿಗೆ ಕೊಡುವ ಕ್ರಮ ಇದೇ.

ಆಸ್ಪತ್ರೆಯಿಂದ ನಾಲ್ಕು ಪುಟದ ಅರ್ಜಿ ಬಂತು. ಡಾಕ್ಟರು ಅಮ್ಮನನ್ನು ಕಣ್ಣಲ್ಲೇ ತೂಗಿ ಆಗಬಹುದು ಎಂದಿದ್ದರು. ಉಳಿದದ್ದನ್ನು ಮನೆಯಲ್ಲಿ ತುಂಬಿ ಕಳಿಸಿದರೆ ಅವರ ಸಮಿತಿ ಕಾಗದ ನೋಡಿಯೇ ತೀರ್ಮಾನಿಸಿ ಪಟ್ಟಿ ಮಾಡುತ್ತದೆ. ಅಮ್ಮ ಒಬ್ಬಳೇ ಬೀದಿ ಕೊನೆಯ ಔಷಧಿ ಅಂಗಡಿಗೆ ಹೋಗಿ ತೂಕ ನೋಡಿಕೊಂಡು ಬಂದಳು. ಸಂಜೆ ಅವಳು ಅಡುಗೆಮನೆಯಲ್ಲಿ ಪಾತ್ರೆ ಒರೆಸುತ್ತಿದ್ದಾಗ ಅಪ್ಪ ಹೊರಗಿನ ಮೇಜಿನಲ್ಲಿ ಕನ್ನಡಕ ಹಾಕಿಕೊಂಡು ಅರ್ಜಿ ತುಂಬಿದ. ಅಪ್ಪನ ಅಕ್ಷರ ಮುದ್ರಣದ ಹಾಗೆ. ಮನೆಯ ಕಾಗದಪತ್ರವೆಲ್ಲ ಅವನದೇ.

"ಎತ್ತರ?"

"ನೂರ ಅರವತ್ತು."

"ಸಕ್ಕರೆ ಕಾಯಿಲೆ?"

"ಇಲ್ಲ."

"ಬಿಪಿ?"

"ಇಲ್ಲ. ನೀವು ಕೇಳೋ ರೀತಿಗೆ ಬರಬಹುದು."

"ತೂಕ?"

ಒಂದು ಪಾತ್ರೆ ಕೆಳಗಿಟ್ಟ ಸದ್ದು. "ತೊಂಬತ್ತನಾಲ್ಕು."

ಅಪ್ಪ ಕನ್ನಡಕದ ಮೇಲಿನಿಂದ ಅಡುಗೆಮನೆಯ ಕಡೆ ಒಂದು ಸಲ ನೋಡಿ ಬರೆದ. ನಾನು ಅಲ್ಲೇ ಪಕ್ಕದಲ್ಲಿ ಕೂತು ಕೋಟೊಂದಕ್ಕೆ ಗುಂಡಿ ಹೊಲಿಯುತ್ತಿದ್ದೆ. ನನಗೂ ಏನೂ ಹೊಳೆಯಲಿಲ್ಲ. ಅಮ್ಮ ಕೈ ಒರೆಸಿಕೊಂಡು ಬಂದು, ಓದಿ ನೋಡದೆಯೇ ಕೊನೆಯ ಪುಟಕ್ಕೆ ಸಹಿ ಹಾಕಿದಳು. ಅರ್ಜಿಯನ್ನು ಅಂಚೆಗೆ ಹಾಕಿದವಳೂ ನಾನೇ.

ಮೂರು ವಾರದ ಮೇಲೆ ಉತ್ತರ ಬಂತು. ಅಮ್ಮ ಅಂಗಡಿಯಲ್ಲಿ ಸ್ಟೂಲಿನ ಮೇಲೆ ಕೂತಿದ್ದಳು, ಕಟ್ಟೆಯ ಮೇಲೆ ಒಬ್ಬ ಮದುಮಗಳು ನಿಂತಿದ್ದಳು. ಬಾಯಲ್ಲಿ ಗುಂಡುಸೂಜಿ ಇದ್ದುದರಿಂದ ಅಮ್ಮ ನನಗೆ ಓದಲು ಸನ್ನೆ ಮಾಡಿದಳು. ನಾನು ಮನಸ್ಸಿನಲ್ಲೇ ಓದಿಕೊಂಡು, "ಆಮೇಲೆ" ಎಂದೆ. ಮದುಮಗಳು ಹೋದ ಮೇಲೆ ಓದಿ ಹೇಳಿದೆ. ಎತ್ತರಕ್ಕೆ ಹೊಂದಿಸಿ ತೂಕದ ಲೆಕ್ಕ ಹಾಕಿದಾಗ ಆ ಅಂಕಿ ನಲವತ್ತು ದಾಟಿರಬೇಕು. ಅರ್ಜಿದಾರರದು ಮೂವತ್ತಾರು ಚಿಲ್ಲರೆ. ಮೂವತ್ತೈದರ ಮೇಲಿನವರನ್ನೂ ಪರಿಗಣಿಸುವುದುಂಟು, ಆದರೆ ಜೊತೆಗೆ ಪಟ್ಟಿಯಲ್ಲಿರುವ ಕಾಯಿಲೆಗಳಲ್ಲಿ ಒಂದಾದರೂ ಇರಬೇಕು. ಅರ್ಜಿದಾರರು ಆರೋಗ್ಯವಾಗಿರುವುದರಿಂದ ವಿಷಾದಿಸುತ್ತೇವೆ. ತಕರಾರಿದ್ದರೆ ಶುಕ್ರವಾರದೊಳಗೆ ಖುದ್ದಾಗಿ ಬರತಕ್ಕದ್ದು. ತಪ್ಪಿದಲ್ಲಿ ಮುಂದಿನ ಪಟ್ಟಿ ಹದಿನಾಲ್ಕು ತಿಂಗಳ ಬಳಿಕ.

"ನಾನು ಸಾಕಷ್ಟು ದಪ್ಪ ಇಲ್ವಂತಾ?" ಎಂದಳು ಅಮ್ಮ. ಜೀವಮಾನದಲ್ಲಿ ಆ ಮಾತನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಒಂದು ಕ್ಷಣ ಅದನ್ನು ಅವಳು ಸವಿದಳೋ ಏನೋ ಎನಿಸಿತು. ಆಮೇಲೆ ಕಾಗದ ಕಸಿದುಕೊಂಡು ಕಣ್ಣಾಡಿಸಿದಳು. "ತೊಂಬತ್ತನಾಲ್ಕು ಅಂತ ಯಾಕೆ ಬರೆದ್ರಿ?"

ಅಪ್ಪ ಇಸ್ತ್ರಿ ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದ. "ನೀನೇ ಹೇಳಿದ್ದು."

"ಹೇಳಿದ್ದು ತೊಂಬತ್ತನಾಲ್ಕೇ. ಬರೀಬೇಕಾಗಿದ್ದು ನೂರ ನಾಲ್ಕು."

"ಅದು ಅಂಗಡಿ ಪದ್ಧತಿ ಅಲ್ವಾ? ಅವತ್ತು ಮೇಲೆ ಮನೇಲಿದ್ವಿ."

"ಮನೇಲಿದ್ರೆ? ಮೂವತ್ತು ವರ್ಷದಿಂದ ನಾನು ಹೇಳಿದ್ದಕ್ಕೆ ಹತ್ತು ಸೇರಿಸಿಯೇ ಬರೆದೋರು ನೀವು. ಒಂದು ಸಲ ನನ್ನ ಕಡೆ ನೋಡಿದ್ರೆ ಗೊತ್ತಾಗ್ತಿರಲಿಲ್ವಾ?"

"ನೋಡಿದೆ."

"ನೋಡಿ?"

"ನಿನ್ನ ನೋಡಿದ್ರೆ ನಂಗೆ ಅಂದಾಜು ಸಿಗಲ್ಲ" ಎಂದ ಅಪ್ಪ.

ಬಾಗಿಲಲ್ಲಿ ನಿಂತವರನ್ನು ಅರ್ಧ ಇಂಚಿಗೆ ಅಳೆಯುವ ಮನುಷ್ಯ ಇದನ್ನು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದ. ಬೈಯಲು ಅಮ್ಮ ಸಿದ್ಧಮಾಡಿಕೊಂಡಿದ್ದ ಮಾತು ಎಲ್ಲೋ ಜಾರಿಹೋಯಿತು. ಮೇಜಿನ ಮೇಲೆ ಬಿದ್ದಿದ್ದ ದಾರದ ತುಂಡುಗಳನ್ನು ಕೈಯಿಂದ ಗುಡಿಸತೊಡಗಿದಳು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಅಪ್ಪನಿಗೂ ವರ್ಷಕ್ಕೊಂದು ಸಲ ಸರಿಯಾದ ಪ್ರಶ್ನೆ ಹೊಳೆಯುತ್ತದೆ.

"ಅದಿರಲಿ" ಎಂದ. "ಅಂಗಡೀಲಾದ್ರೆ ಬೆಂಚಿನ ಮೇಲೆ ಜನ ಇರ್ತಾರೆ, ಕೇಳಿಸ್ಕೋತಾರೆ ಅಂತ ಹತ್ತು ಕಳೀತೀಯ. ಅವತ್ತು ಅಡುಗೆಮನೇಲಿ ಯಾರು ಕೂತಿದ್ರು?"

ಅಮ್ಮನ ಕೈ ನಿಂತಿತು.  ಗುಡಿಸಿದ ದಾರದ ತುಂಡುಗಳನ್ನೆಲ್ಲ ಮುಷ್ಟಿಯೊಳಗೆ ತೆಗೆದುಕೊಂಡಳು.

"ನಾನೇ ಕೂತಿದ್ದೆ" ಎಂದಳು.

ಶುಕ್ರವಾರ ಮೂವರೂ ಹೊರಟೆವು. ಅಪ್ಪ ಬಗಲಲ್ಲಿ ಒಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದ. ಏನು ಎಂದು ಕೇಳಿದರೆ "ಇರಲಿ" ಎಂದ.

ಆಸ್ಪತ್ರೆಯ ಮೊದಲ ಮಹಡಿಯಲ್ಲಿ ಉದ್ದನೆಯ ಹಾಲು. ಒಂದು ಗೋಡೆಗೆ ಕಿಟಕಿ, ಕಿಟಕಿಯೊಳಗೆ ಗುಮಾಸ್ತ, ಗುಮಾಸ್ತನ ಹಿಂದೆ ಅವನ ಕಡತಗಳು. ಎದುರು ಗೋಡೆಯ ಹತ್ತಿರ ತೂಕದ ಯಂತ್ರ. ನಡುವೆ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಮೂವತ್ತು ನಲವತ್ತು ಜನ. ಯಂತ್ರದ ಪಕ್ಕದಲ್ಲಿ ನಿಂತ ವಾರ್ಡಿನ ಸಿಬ್ಬಂದಿ ಪ್ರತಿಯೊಬ್ಬರನ್ನೂ ಹತ್ತಿಸಿ, ಅಂಕಿಯನ್ನು ಹಾಲಿನಾಚೆಯ ಕಿಟಕಿಗೆ ಕೇಳುವಂತೆ ಕೂಗುತ್ತಿದ್ದ: "ಐವತ್ತೆಂಟು. ಎಪ್ಪತ್ತೊಂದೂವರೆ. ಅಜ್ಜಿ, ಕೋಲು ಪಕ್ಕಕ್ಕಿಡಿ." ಯಂತ್ರವನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರೆ ಕೂಗುವ ಅಗತ್ಯವಿರಲಿಲ್ಲ. ಆದರೆ ಪ್ಲಗ್ಗು ಆ ಗೋಡೆಯಲ್ಲಿತ್ತು.

ಅಮ್ಮ ಅದನ್ನೆಲ್ಲ ನಿಂತು ನೋಡಿದಳು. ಆ ಹಾಲಿನ ಕ್ರಮದಿಂದ ಅವಳ ಮೂವತ್ತು ವರ್ಷದ ಕಸುಬಿಗೆ ಅವಮಾನವಾಗುತ್ತಿತ್ತು.

ಗುಮಾಸ್ತ ಅರ್ಜಿ ತೆಗೆದ. "ತೊಂಬತ್ತನಾಲ್ಕು ಅಂತ ನೀವೇ ಬರೆದಿದ್ದೀರಲ್ಲಮ್ಮ. ಕೆಳಗೆ ಸಹಿ ಬೇರೆ ಇದೆ."

"ತಪ್ಪಾಗಿ ಬರೆದದ್ದು. ನೂರ ನಾಲ್ಕು."

"ಬೇಡ ಅಂತ ಕಾಗದ ಹೋದ ಮೇಲೆ ಎಲ್ಲರದ್ದೂ ತಪ್ಪೇ ಆಗಿರುತ್ತೆ. ಹೋದ ತಿಂಗಳು ಒಬ್ಬರು ನಾಲ್ಕು ಲೀಟರ್ ನೀರು ಕುಡಿದು ಬಂದು ಇಲ್ಲೇ ಕುರ್ಚಿ ಮೇಲೆ ಒದ್ದಾಡಿದ್ರು. ಇನ್ನೊಬ್ಬರ ಜೇಬಲ್ಲಿ ಬೀಗದಕೈ ಗೊಂಚಲು, ಎರಡು ಕೇಜಿ. ಹತ್ತು ಕೇಜಿ ತಪ್ಪಾಗಿ ಬರೆದೆ ಅಂದ್ರೆ ಯಾರು ನಂಬ್ತಾರೆ ಹೇಳಿ. ಹಳೇದು ಏನಾದ್ರೂ ಇದೆಯಾ, ತಾರೀಖು ಹಾಕಿದ್ದು?"

ಆಗ ಅಪ್ಪ ಚೀಲದಿಂದ ಅಳತೆ ಪುಸ್ತಕ ತೆಗೆದ. ಉದ್ದನೆಯ, ಕಪ್ಪು ರಟ್ಟಿನ, ಮೂಲೆಗಳು ಇಸ್ತ್ರಿ ಬಿಸಿಗೆ ಕಂದಿದ ಪುಸ್ತಕ. ಅದು ಅಂಗಡಿಯ ಹೊಸ್ತಿಲು ದಾಟಿದ್ದನ್ನು ನಾನು ಅವತ್ತೇ ಮೊದಲು ನೋಡಿದ್ದು.

"ಇದ್ರಲ್ಲಿದೆ ಸಾರ್" ಎಂದ. "ವರ್ಷಕ್ಕೆರಡು ಸಲ ಇವಳ ಅಳತೆ ನಾನೇ ಟೇಪು ಹಿಡಿದು ತಗೊಂಡು ಬರೆದಿರೋದು. ತಾರೀಖಿದೆ. ಎಲ್ಲಾ ನಿಜವಾದ ಅಳತೆ. ನಾವು ಅಂಗಡೀಲಿ ಏನ್ಮಾಡ್ತೀವಿ ಅಂದ್ರೆ..." ಎಂದು ಹತ್ತು ಕಳೆಯುವ ಪದ್ಧತಿಯನ್ನು ವಿವರಿಸಿಯೇ ಬಿಟ್ಟ. ಪಾಪ, ಮೂವತ್ತು ವರ್ಷ ಕಾಪಾಡಿದ ಗುಟ್ಟು ಅರ್ಧ ನಿಮಿಷದಲ್ಲಿ ಮುಗಿಯಿತು.

ಗುಮಾಸ್ತನ ಮುಖದಲ್ಲಿ ಅವತ್ತು ಮೊದಲ ಸಲ ಕೆಲಸದ ಮೇಲೆ ಆಸಕ್ತಿ ಕಂಡಿತು. ಕನ್ನಡಕ ಸರಿ ಮಾಡಿಕೊಂಡು ಕೈ ಚಾಚಿದ. "ಬೇಕರಿ ಪಕ್ಕದ ಅಂಗಡೀನಾ ನಿಮ್ದು? ಹಾಗಾದ್ರೆ ಇದ್ರಲ್ಲಿ ನಮ್ಮನೆಯವಳದ್ದೂ ಇರಬೇಕಲ್ಲ. ಮೂವತ್ತೆರಡು ಅಂತ ಹೇಳ್ಕೊಂಡು ಓಡಾಡ್ತಾಳೆ."

"ಮೂವತ್ತೆರಡೇ" ಎಂದಳು ಅಮ್ಮ.

"ನೋಡೋಣ ಕೊಡಿ."

ಅಮ್ಮ ಪುಸ್ತಕದ ಮೇಲೆ ಕೈಯಿಟ್ಟಳು. ದೊಡ್ಡ ಕೈ, ಪೂರ್ತಿ ರಟ್ಟು ಮುಚ್ಚಿತು. "ರೀ, ಒಳಗಿಡಿ ಇದನ್ನ."

"ಅಮ್ಮಾ" ಎಂದೆ ನಾನು ಮೆಲ್ಲಗೆ. "ನಿನ್ನ ಪುಟ ಒಂದೇ ತೋರಿಸಿದ್ರಾಯ್ತು. ಇವತ್ತೇ ಕೊನೇ ದಿನ."

"ಹಿಂದಿನ ಪುಟದಲ್ಲಿ ಬೇರೆಯವರಿದ್ದಾರೆ, ಮುಂದಿನ ಪುಟದಲ್ಲಿ ಇನ್ನೊಬ್ಬರಿದ್ದಾರೆ. ಅವರು ನನ್ನ ನಂಬಿ ಕೈಯೆತ್ತಿ ನಿಂತವರು." ಗುಮಾಸ್ತನ ಕಡೆ ತಿರುಗಿದಳು. "ನನ್ನದು ನಾನು ತೋರಿಸ್ತೀನಿ. ಪುಸ್ತಕ ಯಾಕೆ, ನಾನೇ ಬಂದಿದೀನಲ್ಲ. ತೂಕ ಹಾಕಿಸಿ."

"ಹಾಗೆಲ್ಲ ಬರೋದಿಲ್ಲಮ್ಮ. ಈಗ ತೂಕ ಹಾಕಿ ಪ್ರಯೋಜನ ಇಲ್ಲ, ನೀವು ನೀರು ಕುಡಿದಿರಬಹುದು..."

"ಕುಡಿದಿಲ್ಲ. ನಂಬಿಕೆ ಇಲ್ಲ ಅಂದ್ರೆ ಸಂಜೆವರೆಗೂ ಇಲ್ಲೇ ಕೂತಿರ್ತೀನಿ. ಗಂಟೆಗೊಂದು ಸಲ ಹತ್ತಿಸಿ ನೋಡಿ. ಏನೂ ಕುಡಿಯಲ್ಲ, ಏನೂ ತಿನ್ನಲ್ಲ." ಹೇಳುತ್ತಾ ಹೇಳುತ್ತಾ ಜೇಬುಗಳನ್ನು ಖಾಲಿ ಮಾಡತೊಡಗಿದಳು. ಕಿಟಕಿಯ ಕಟ್ಟೆಯ ಮೇಲೆ ಟೇಪು ಬಂತು, ಗುರುತು ಹಾಕುವ ಸುಣ್ಣದ ಬಿಲ್ಲೆ, ಚಿಕ್ಕ ಕತ್ತರಿ, ಮೂರು ಗುಂಡಿ, ಯಾವುದೋ ಕೋಟಿನ ಕೊಕ್ಕೆ, ಕನ್ನಡಕ, ಒಂದು ಕಚ್ಚಿದ ಪೆನ್ಸಿಲು. ಆಮೇಲೆ ಚಪ್ಪಲಿ ಬಿಟ್ಟಳು.

"ಅದನ್ನ ಮೇಲಿಡಬೇಡಿ ಮಾರಾಯ್ತಿ" ಎಂದ ಗುಮಾಸ್ತ.

"ಇಡಲ್ಲ. ಕೂಗಿ ಅವರನ್ನ."

ಸೋತು ಅವನು ಕೈಯೆತ್ತಿ ಯಂತ್ರದ ಪಕ್ಕದವನಿಗೆ ಸನ್ನೆ ಮಾಡಿದ. ಅಮ್ಮ ಬರಿಗಾಲಲ್ಲಿ ಹಾಲಿನ ಉದ್ದಕ್ಕೂ ನಡೆದಳು. ಮಂಡಿ ನೋವಿನಿಂದ ಅವಳ ನಡಿಗೆ ಹಡಗಿನ ಹಾಗೆ ಒಂದಿಷ್ಟು ಆ ಕಡೆ, ಒಂದಿಷ್ಟು ಈ ಕಡೆ. ಕುರ್ಚಿಯಲ್ಲಿ ಕೂತವರು ಕಾಲು ಒಳಗೆಳೆದುಕೊಂಡರು. ಇಬ್ಬರು ಪರಸ್ಪರ ಮೊಣಕೈ ತಿವಿದುಕೊಂಡಿದ್ದನ್ನು ನಾನು ನೋಡಿದೆ, ಅಮ್ಮನೂ ನೋಡಿದಳು. ಯಂತ್ರದ ಮೇಲೆ ಹತ್ತಿದಳು. ಕೆಂಪು ಅಂಕಿಗಳು ಓಡಿ ಓಡಿ ನಿಂತವು.

ಸಿಬ್ಬಂದಿ ಒಳ್ಳೆಯ ಮನುಷ್ಯ. ಬೆಳಗ್ಗಿನಿಂದ ಕೂಗುತ್ತಿದ್ದವನು ಇದೊಂದನ್ನು ಕೂಗಲಿಲ್ಲ. ಬಾಯಿಗೆ ಕೈ ಅಡ್ಡ ಹಿಡಿದು ಕಿಟಕಿಯ ಕಡೆ ಏನೋ ಗೊಣಗಿದ. ಗುಮಾಸ್ತ "ಎಷ್ಟು? ಕೇಳಿಸ್ತಿಲ್ಲ" ಎಂದ. ಇವನು ಮತ್ತೆ ಗೊಣಗಿದ. ತನ್ನ ಪಾಲಿಗೆ ಅವನೂ ಒಂದು ಹತ್ತು ಕಳೆಯುತ್ತಿದ್ದ.

ಅಮ್ಮ ಅವನ ಭುಜ ಮುಟ್ಟಿ, "ನೀವು ಬಿಡಿಪ್ಪ, ನಂಗೆ ಅಭ್ಯಾಸ ಇದೆ" ಎಂದಳು. ಬಗ್ಗಿ ಅಂಕಿ ನೋಡಲು ಹೊಟ್ಟೆ ಅಡ್ಡ ಬಂತು. ಎರಡೂ ಕೈಯಿಂದ ಅದನ್ನು ಒಂದು ಪಕ್ಕಕ್ಕೆ ಒತ್ತಿ ಹಿಡಿದು, ಕುತ್ತಿಗೆ ಚಾಚಿ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ ಓದಿದಳು. ಆಮೇಲೆ ನೆಟ್ಟಗೆ ನಿಂತಳು. ಮೂವತ್ತು ವರ್ಷ ಮಿಷನ್ನುಗಳ ಗಲಾಟೆಯ ಮೇಲೆ ಅಳತೆ ಕೂಗಿದ ಗಂಟಲು ಅದು.

"ನೂರ ನಾಲ್ಕು ಕೇಜಿ, ಆರುನೂರು ಗ್ರಾಂ. ಸೊಂಟ ಐವತ್ತೊಂದು. ಇದ್ದದ್ದು ಇದ್ದ ಹಾಗೆ ಬರ್ಕೊಳ್ಳಿ."

ಹಾಲಿನಲ್ಲಿದ್ದವರ ಕತ್ತೆಲ್ಲ ಅವಳ ಕಡೆ ತಿರುಗಿತು. ಮೊಣಕೈ ತಿವಿದವರಲ್ಲಿ ಒಬ್ಬ, ದೊಡ್ಡ ಮೀಸೆಯವನು, ತುಟಿಯಂಚಿನಲ್ಲಿ ನಕ್ಕ. ಅಮ್ಮ ಯಂತ್ರದ ಮೇಲಿನಿಂದಲೇ ಅವನ ಸೊಂಟದ ಕಡೆ ನೋಡಿ, "ನಿಮ್ದು ನಲವತ್ನಾಲ್ಕು. ಬೆಲ್ಟು ಕೆಳಗೆ ಕಟ್ಟಿದ್ರೆ ಕಡಿಮೆ ಆಗಲ್ಲ" ಎಂದಳು. ಅವನು ಅಂಗಿ ಕೆಳಗೆ ಎಳೆದುಕೊಂಡ.

"ಆಯ್ತಲ್ಲಮ್ಮ, ಇಳೀರಿ" ಎಂದಳು ಸರದಿಯಲ್ಲಿದ್ದ ಅಜ್ಜಿ. "ನಮ್ಮದೂ ಇದೆ. ಬೆಳಗ್ಗಿನಿಂದ ಚಹಾ ಕೂಡ ಇಲ್ಲ."

ಅಮ್ಮ ಅಜ್ಜಿಯನ್ನು ನೋಡಿದಳು, ಹಾಲನ್ನು ನೋಡಿದಳು. ಜನ ಆಗಲೇ ತಮ್ಮ ತಮ್ಮ ಚೀಟಿ, ಮೊಬೈಲು, ಮಗುವಿನ ಮೂಗು ಇತ್ಯಾದಿಗಳಿಗೆ ಮರಳಿದ್ದರು. ಯಾವ ಅವಮಾನ ತಪ್ಪಿಸಲು ಮೂವತ್ತು ವರ್ಷ ಅಂಕಿ ತಗ್ಗಿಸಿದ್ದಳೋ ಅದು ಇಲ್ಲಿ ಅರ್ಧ ನಿಮಿಷ ಬಾಳಿತ್ತು.

"ಇಷ್ಟೇನಾ" ಎಂದಳು, ಯಾರಿಗೆಂದಿಲ್ಲದೆ. ಇಳಿದು ಬಂದಳು.

ಅಂಕಿ ಬದಲಾಯಿಸಲು ಡಾಕ್ಟರ ಸಹಿ ಬೇಕಿತ್ತು. ಮಧ್ಯಾಹ್ನ ಎರಡೂಮುಕ್ಕಾಲಿಗೆ ಅವರು ಒಳಗೆ ಕರೆದರು. ಅರ್ಜಿಯ ಹಳೆಯ ಅಂಕಿಯನ್ನೂ ಹೊಸ ಚೀಟಿಯನ್ನೂ ಅಕ್ಕಪಕ್ಕ ಇಟ್ಟು ನೋಡಿದರು.

"ಸಮಿತಿಯವರು ಕೇಳ್ತಾರೆ. ಮೊದಲು ತೊಂಬತ್ತನಾಲ್ಕು ಅಂತ ಯಾಕೆ ಬಂತು?"

ಅಪ್ಪ ಬಾಯಿ ತೆರೆದ. ತಪ್ಪನ್ನು ತನ್ನ ಮೇಲೆ ಹಾಕಿಕೊಳ್ಳುವ ವಾಕ್ಯವೊಂದನ್ನು ಬೆಳಗ್ಗಿನಿಂದ ಇಸ್ತ್ರಿ ಮಾಡಿಟ್ಟುಕೊಂಡಿದ್ದನೆಂದು ನನಗೆ ಗೊತ್ತಿತ್ತು.

"ನಾಚಿಕೆಯಿಂದ" ಎಂದಳು ಅಮ್ಮ. "ಹಾಗೇ ಬರೀರಿ ಡಾಕ್ಟ್ರೇ. ನನಗೆ ನಾಚಿಕೆ ಇಲ್ಲ ಅಂತ ಮನೇಲಿ ಎಲ್ಲರಿಗೂ ಹೇಳಿದ್ದೆ. ಇತ್ತು."

ಡಾಕ್ಟರು ಅರ್ಜಿಯ ಸಾಲುಗಳ ಮೇಲೆ ಪೆನ್ನಿನ ತುದಿ ಓಡಿಸಿ ನೋಡಿದರು. "ಅದಕ್ಕೆ ಇದ್ರಲ್ಲಿ ಜಾಗ ಇಲ್ಲ" ಎಂದು, 'ಬರೆಯುವಲ್ಲಿ ಆದ ತಪ್ಪು' ಎಂದು ಬರೆದು ಸಹಿ ಮಾಡಿದರು. ಸಹಿ ಒಣಗುವ ಮೊದಲೇ ಅಪ್ಪ ಕಾಗದ ತೆಗೆದುಕೊಂಡು, ಪ್ರತಿ ಅಂಕಿಯನ್ನೂ ಎರಡೆರಡು ಸಲ ಓದಿ, ಕಿಟಕಿಗೆ ಕೊಟ್ಟು ಬಂದ. ಮುಂದಿನ ಬುಧವಾರ ಫೋನು ಬಂತು. ಪಟ್ಟಿಯಲ್ಲಿ ಏಳನೆಯ ಹೆಸರು, ಇಪ್ಪತ್ತೊಂದನೇ ತಾರೀಖು.

ಇಪ್ಪತ್ತನೇ ತಾರೀಖು ಸಂಜೆ ಅತ್ತೆ ಬಂದಳು. ಭಾನುವಾರವಲ್ಲದ ದಿನ ಬಂದಳೆಂದರೆ ವಿಷಯ ಗಂಭೀರ. ಅಂಗಡಿಯ ಬೆಂಚಿನ ಮೇಲೆ ಕೂತು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ದನಿ ತಗ್ಗಿಸಿದಳು.

"ಮಾಡಿಸ್ಕೊ. ನೀನಂತೂ ಕೇಳೋಳಲ್ಲ. ಆದ್ರೆ ಜನಕ್ಕೆ ಏನು ಹೇಳೋದು ಅಂತ ಯೋಚನೆ 
ಮಾಡಿದೀಯಾ? ಮೂರು ವಾರ ಅಂಗಡಿ ಮುಚ್ಚಿರತ್ತೆ. ಆಮೇಲೆ ನೋಡಿದ್ರೆ ಮೈ ಇಳಿದಿರತ್ತೆ. ನಾನು ಹೇಳ್ತೀನಿ ಕೇಳು, ಹೊಟ್ಟೇಲಿ ಕಲ್ಲಿತ್ತು, ತೆಗೆಸಿದ್ವಿ ಅನ್ನೋಣ. ಕಲ್ಲು ಯಾರಿಗೆ ಬೇಕಾದ್ರೂ ಆಗತ್ತೆ. ಗೌರವದ ಕಾಯಿಲೆ."

"ಅಕ್ಕ ಹೇಳೋದ್ರಲ್ಲೂ..." ಎಂದು ಅಪ್ಪ ಶುರುಮಾಡಿದ. ಅಮ್ಮ ನೋಡಿದಳು. ಅಪ್ಪ ವಾಕ್ಯವನ್ನು ಮಡಚಿಟ್ಟ.

"ಅಕ್ಕಾ, ಗಿರಾಕಿಗಳ ಅಳತೆಗೆ ನಾನು ಇನ್ನು ಮುಂದೆಯೂ ಹತ್ತು ಕಳೀತೀನಿ. ಅದು ಅವರ ವಿಷಯ, ಅವರಾಗಿ ಬೇಡ ಅನ್ನೋವರೆಗೆ ಕಳೀತೀನಿ. ನನ್ನ ವಿಷಯ ನಂದು." ನನ್ನ ಕಡೆ ತಿರುಗಿದಳು. "ಒಂದು ರಟ್ಟು ತಾ. ದೊಡ್ಡದು."

ಷರ್ಟಿನ ಪೆಟ್ಟಿಗೆಯ ರಟ್ಟು ಕತ್ತರಿಸಿ ತಂದೆ. ಬರೆದವನು ಅಪ್ಪ, ಅವನ ಮುದ್ರಣದಂಥ ಅಕ್ಷರದಲ್ಲಿ. ಹೇಳಿದವಳು ಅಮ್ಮ, ನಿಂತುಕೊಂಡು, ಒಂದೊಂದೇ ಪದ. "ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಹೋಗಿರುವುದರಿಂದ ಅಂಗಡಿಗೆ ಮೂರು ವಾರ ರಜೆ. ಹೊಲಿದಿಟ್ಟ ಬಟ್ಟೆ ಬೇಕಾದವರು ಮೇಲೆ ಮನೆಗೆ ಬಂದು ಮಗಳನ್ನು ಕೇಳಿ. ಶಸ್ತ್ರಚಿಕಿತ್ಸೆಯ ಬಗ್ಗೆ ಕೇಳಬೇಕಾದವರು ನಾನು ಬಂದ ಮೇಲೆ ನನ್ನನ್ನೇ ಕೇಳಿ."

"'ಅನಾರೋಗ್ಯದ ನಿಮಿತ್ತ' ಅಂತ ಹಾಕಬಾರದಾ" ಎಂದಳು ಅತ್ತೆ, ಕೊನೆಯ ಪ್ರಯತ್ನವಾಗಿ.

"ನಾನು ಆರೋಗ್ಯವಾಗಿದೀನಿ. ಆಸ್ಪತ್ರೆಯವರೇ ಬರೆದು ಕೊಟ್ಟಿದ್ದಾರೆ, ಕಾಗದ ಇದೆ."

ಅತ್ತೆ ಎದ್ದಳು. ಬಾಗಿಲವರೆಗೆ ಹೋಗಿ ನಿಂತು, ಬೆನ್ನು ನಮ್ಮ ಕಡೆಗಿಟ್ಟುಕೊಂಡೇ, "ನಾಳೆ ಎಷ್ಟು ಹೊತ್ತಿಗೆ ಒಳಗೆ ಕರ್ಕೊಂಡು ಹೋಗ್ತಾರೆ?" ಎಂದು ಕೇಳಿದಳು.

"ಒಂಬತ್ತಕ್ಕೆ."

"ಎಂಟೂವರೆಗೆ ಅಲ್ಲಿರ್ತೀನಿ. ನಿನ್ನ ಗಂಡನಿಗೆ ಆಸ್ಪತ್ರೇಲಿ ತಲೆ ಸುತ್ತತ್ತೆ, ಮೊದಲಿಂದ್ಲೂ."

ಬೆಳಗ್ಗೆ ಟ್ಯಾಕ್ಸಿ ಬಂದಾಗ ಬೀದಿಯಲ್ಲಿ ಬೇಕರಿ ಮಾತ್ರ ತೆರೆದಿತ್ತು. ಅಪ್ಪ ಷಟರು ಎಳೆದು ಬೀಗ ಹಾಕಿ, ರಟ್ಟನ್ನು ನಾಲ್ಕೂ ಅಂಚಿಗೆ ಅಂಟು ಟೇಪು ಹಚ್ಚಿ ಅಂಟಿಸಿದ. ಮೇಲೆ ಒಂದು ಮೂಲೆ ಎದ್ದಿತು ಎಂದು ಮತ್ತೆ ಒತ್ತಿದ. ಅಮ್ಮ ಹಿಂದಿನ ಸೀಟಿನಲ್ಲಿ ಚೀಲದೊಂದಿಗೆ ಕೂತಿದ್ದಳು, ಉಳಿದ ಜಾಗದಲ್ಲಿ ನಾನು. ಬೇಕರಿಯ ಯಜಮಾನ ಕೈ ಒರೆಸಿಕೊಳ್ಳುತ್ತಾ ಬಂದು ರಟ್ಟಿನ ಮುಂದೆ ನಿಂತ. ತುಟಿ ಅಲ್ಲಾಡಿಸುತ್ತಾ ಮೊದಲ ಸಾಲು ಓದಿದ. ಅರ್ಧಕ್ಕೆ ತಲೆಯೆತ್ತಿ ಟ್ಯಾಕ್ಸಿಯ ಕಡೆ ನೋಡಿ, ನೋಡಬಾರದ್ದನ್ನು ನೋಡಿದವನಂತೆ ಸರಕ್ಕನೆ ಬೇರೆ ಕಡೆ ನೋಡಿದ.

ಅಮ್ಮ ಕಿಟಕಿಯ ಗಾಜು ಇಳಿಸಿದಳು.

"ಪೂರ್ತಿ ಓದಿ" ಎಂದಳು. "ಕೆಳಗೂ ಇದೆ."

ಅವನು ಪೂರ್ತಿ ಓದಿದ. ಅಪ್ಪ ಬಂದು ಮುಂದಿನ ಸೀಟಿನಲ್ಲಿ ಕೂತು, ಚಾಲಕನಿಗೆ ಆಸ್ಪತ್ರೆಯ ಹೆಸರು ಹೇಳಿದ.